ತುಂಬಿದ ಗಾಡಿಗೆ ದಾರಿ

ನಮ್ಮಪ್ಪ ವ್ಯಾನು ಓಡಿಸುವಾಗ ರಸ್ತೆಯನ್ನು ಎಷ್ಟು ನೋಡುತ್ತಿದ್ದನೋ ನಾ ಕಾಣೆ, ಎದುರಿನ ಗಾಡಿಯ ಗಾಲಿಗಳನ್ನು ಮಾತ್ರ ಬಿಡದೆ ನೋಡುತ್ತಿದ್ದ. ಗಾಲಿಯ ಮೇಲೆ ಗಾಡಿ ಎಷ್ಟು ಕುಸಿದು ಕೂತಿದೆ, ಟಯರು ನೆಲದ ಮೇಲೆ ಎಷ್ಟು ಹರಡಿಕೊಂಡಿದೆ ಎಂದು ದೂರದಿಂದಲೇ ಅಳೆದು, “ತುಂಬೇತಿ” ಅಂತಲೋ “ಖಾಲಿ ಐತಿ” ಅಂತಲೋ ತನ್ನಷ್ಟಕ್ಕೆ ತಾನೇ ಹೇಳಿಕೊಳ್ಳುತ್ತಿದ್ದ. ತುಂಬಿದ ಗಾಡಿಯಾಗಿದ್ದರೆ ಮುಗಿಯಿತು. ನಾಲ್ಕು ದಾರಿ ಕೂಡುವ ಜಾಗ ಯಾವುದೇ ಇರಲಿ, ತನ್ನ ವ್ಯಾನನ್ನು ಅಂಚಿಗೆ ತಂದು ನಿಲ್ಲಿಸಿ, ಕಿಟಕಿಯಿಂದ ಕೈ ಹೊರಗೆ ಚಾಚಿ, “ಬರ್ರಿ, ಬರ್ರಿ” ಎಂದು ಕರೆಯುತ್ತಿದ್ದ. ಬೀಗರು ಬಾಗಿಲಿಗೆ ಬಂದಾಗ ಒಳಗೆ ಕರೆಯುತ್ತಾರಲ್ಲ, ಹಾಗೆ.

ಇದು ಅವನಿಗೆ ಅವನಪ್ಪನಿಂದ ಬಂದದ್ದು. ನಮ್ಮದು ಬೆಟಗೇರಿಯ ಮಗ್ಗದ ಮನೆ. ಅಜ್ಜ ನೇಯುತ್ತಲೂ ಇದ್ದ, ಓಣಿಯವರು ನೇಯ್ದ ಸೀರೆಗಳನ್ನು ಗಂಟು ಕಟ್ಟಿ ಬಂಡಿಯಲ್ಲಿ ಹೇರಿಕೊಂಡು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಅಂಗಡಿಗಳಿಗೆ ಮುಟ್ಟಿಸುತ್ತಲೂ ಇದ್ದ. ಆಗಿನ ದಾರಿಗಳೆಲ್ಲ ಎರೆಮಣ್ಣಿನವು. ಮಳೆ ಬಿದ್ದ ಮೇಲೆ ತುಂಬಿದ ಬಂಡಿ ಒಮ್ಮೆ ನಿಂತಿತೆಂದರೆ ಗಾಲಿ ಮಣ್ಣೊಳಗೆ ಇಳಿಯುತ್ತಿತ್ತು. ಅದನ್ನು ಮತ್ತೆ ಎಬ್ಬಿಸಬೇಕಾದರೆ ಎತ್ತುಗಳ ಹೆಗಲು ಕಿತ್ತು ಬರಬೇಕು. ಖಾಲಿ ಬಂಡಿಗೆ ಆ ಕಷ್ಟವಿಲ್ಲ. ಹೊಲದೊಳಗೆ ಇಳಿದರೂ ಒಂದು ಹುಯ್ಲಿಗೆ ಮೇಲೆದ್ದು ಬರುತ್ತದೆ. ಅದಕ್ಕೇ ಖಾಲಿ ಇದ್ದವನು ಬದಿಗೆ ಸರಿಯಬೇಕು, ತುಂಬಿದವನು ನಿಲ್ಲದೆ ದಾಟಬೇಕು. ಯಾರೂ ಬರೆದಿಟ್ಟ ಕಾಯ್ದೆಯಲ್ಲ ಇದು. ಬಾರುಕೋಲು ಹಿಡಿದವರಿಗೆಲ್ಲ ಗೊತ್ತಿದ್ದದ್ದು.

ಎರಡೂ ಬಂಡಿ ತುಂಬಿದ್ದರೆ ಏನು ಮಾಡುತ್ತಿದ್ದರು ಅಂತ ನಾನು ಸಣ್ಣವಳಿದ್ದಾಗ ಅಜ್ಜಿಯನ್ನು ಕೇಳಿದ್ದೆ. ಅಜ್ಜಿ ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಹೇಳಿದ್ದಳು:

“ದೂರದಿಂದನ ಕೂಗಿ ಕೇಳ್ತಿದ್ರವ್ವಾ, ಏನ ಹೇರೀರಿ ಅಂತ. ಈ ಕಡ್ಯಾಂವ ಜ್ವಾಳ ಅಂದ, ಆ ಕಡ್ಯಾಂವ ಬಾಣಂತಿ ಕುಂತಾಳ್ರಿ ಅಂದ. ಅಂದ ಕೂಡಲೇ ಜ್ವಾಳದ ಬಂಡಿ ಬದಿಗೆ ಸರೀತು. ಮನಷ್ಯಾರಕಿಂತ ಭಾರದ್ದು ಯಾವದೈತಿ?”

ಈ ಮಾತು ಅಪ್ಪನೂ ಅವಳ ಬಾಯಿಂದಲೇ ಕೇಳಿ ಬೆಳೆದವನು. ಆದರೆ ಬಂಡಿ ಹೋಗಿ ವ್ಯಾನು ಬರುವ ಹೊತ್ತಿಗೆ ರೂಢಿಯ ಅರ್ಧ ಅವನ ಕೈಯಲ್ಲಿ ಉಳಿದಿತ್ತು, ಇನ್ನರ್ಧ ಎಲ್ಲೋ ದಾರಿಯಲ್ಲಿ ಇಳಿದುಹೋಗಿತ್ತು. ಬೇರೆಯವರ ಗಾಡಿಯಲ್ಲಿ ಮನುಷ್ಯರು ಕೂತಿದ್ದರೆ ಅವನಿಗೆ ಕಾಣುತ್ತಿತ್ತು. ತನ್ನ ಗಾಡಿಯಲ್ಲಿ ಕೂತವರು ಮಾತ್ರ ಅವನ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಅವನ ವ್ಯಾನಿನಲ್ಲಿ ಕೂಡುತ್ತಿದ್ದವಳು ಅವ್ವ. ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದು ಅವಳ ಕೆಲಸ. ಯಾವ ಅಂಗಡಿಯವರಿಗೆ ಎಂಥ ಕುಚ್ಚು ಬೇಕು ಎಂಬುದು ಅವಳಿಗೇ ಗೊತ್ತಿದ್ದರಿಂದ ಅವಳೂ ಹೋಗುತ್ತಿದ್ದಳು. ಮುಂಜಾನೆ ವ್ಯಾನು ತುಂಬ ಸೀರೆ. ಮಧ್ಯಾಹ್ನ ಮರಳಿ ಬರುವಾಗ ಮುಂದಿನ ಸೀಟಿನಲ್ಲಿ ಅವರಿಬ್ಬರೇ. ಮರಳುವಾಗಿನ ಮಾತು ದಿನಾ ಒಂದೇ.

ಒಮ್ಮೆ ನಾನೂ ಹಿಂದೆ ಕೂತಿದ್ದೆ. ಲಕ್ಷ್ಮೇಶ್ವರ ದಾಟಿ ಒಂದು ಕೂಡುದಾರಿಯಲ್ಲಿ ಕಾಳಿನ ಚೀಲ ಹೇರಿಕೊಂಡ ಲಾರಿಗಳು ಬರುತ್ತಿದ್ದವು. ಅಪ್ಪ ನಿಲ್ಲಿಸಿದ.

“ಹೆಸರಕಾಳು ಕಾಣ್ತೈತಿ. ಹೋಗ್ಲಿ ತಡಿ. ನಮ್ದೇನು, ಖಾಲಿ ಗಾಡಿ.”

“ಖಾಲಿ?” ಅಂದಳು ಅವ್ವ. “ನಾ ಕುಂತೀನಲ್ರಿ ಇಲ್ಲಿ ಗೂಟಾ ಹೊಡದಂಗ. ನಾ ಏನು ಗಾಳಿ ಏನ್ರಿ?”

“ನಿಂದೆಲ್ಲಿ ಭಾರ ಬಿಡ. ಸೊಳ್ಳಿ ಕುಂತಂಗ ಕುಂತೀದಿ.”

“ಸೊಳ್ಳಿ ಕಡದ್ರ ಗೊತ್ತಾಕ್ಕೈತಿ, ನಡೀರಿ ಮನಿಗೆ. ಊರ ಮಂದೀನೆಲ್ಲಾ ಕಳಿಸಿಕೊಟ್ಟು ನಾವು ಮನಿ ಮುಟ್ಟೂದ್ರಾಗ ನನ್ನ ತಲಿ ಬೆಳ್ಳಗಾತು.”

“ತಲಿ ಬೆಳ್ಳಗಾದದ್ದಕ್ಕೂ ನಂದ ಕಾರಣೇನ?”

“ಮತ್ತ್ಯಾರದ? ಮಗ್ಗಲ ಮನಿಯಾವಂದು?”

ಲಾರಿಯವನು ದಾಟಿಹೋಗುವಾಗ ಅಪ್ಪನಿಗೆ ಕೈ ಎತ್ತಿದ. ಅಪ್ಪನಿಗೆ ಅಷ್ಟು ಸಾಕು. ಆಮೇಲೆ ಮನೆಯವರೆಗೂ ಮುಖದಲ್ಲಿ ಒಂದು ತೃಪ್ತಿ, ಹೊಟ್ಟೆ ತುಂಬ ಉಂಡವನದು.

ನಾನು ಲಗ್ನವಾಗಿ ಗದಗಿನೊಳಗೇ ಇರುವವಳು. ಗದಗ, ಬೆಟಗೇರಿ ಎರಡೂ ಒಂದಕ್ಕೊಂದು ಹತ್ತಿಕೊಂಡಿರುವುದರಿಂದ ನನಗೆ ತವರೆಂದರೆ ಸಂಜೆ ಕಾಯಿಪಲ್ಲೆ ತರಲು ಹೋದಷ್ಟೇ ದೂರ. ಮಕ್ಕಳು ದೊಡ್ಡವರಾದ ಮೇಲೆ ನನಗೆ ಕಾರು ಕಲಿಯುವ ಹುಚ್ಚು ಹಿಡಿಯಿತು. ಕಲಿಸುವ ಮಾಸ್ತರರು ಮೊದಲ ವಾರ ಗಾಡಿಯನ್ನೇ ಮುಟ್ಟಗೊಡಲಿಲ್ಲ. ಬಾನೆಟ್ಟಿನ ಮೇಲೆ ಕಡ್ಡಿಪೆಟ್ಟಿಗೆಗಳನ್ನು ಇಟ್ಟು ಪಾಠ ಹೇಳಿದರು.

“ದೀಪ ಇದ್ದಲ್ಲಿ ದೀಪ ಹೇಳ್ತೈತಿ, ಬೋರ್ಡ ಇದ್ದಲ್ಲಿ ಬೋರ್ಡ ಹೇಳ್ತೈತಿ. ಎರಡೂ ಇಲ್ಲದಲ್ಲಿ ಯಾರು ಹೇಳ್ಬೇಕ್ರಿ ಅಕ್ಕಾರ? ನಿಮ್ಮ ಬಲಗೈ ಹೇಳ್ಬೇಕು. ಸಣ್ಣ ರಸ್ತಾದಾಂವ ದೊಡ್ಡ ರಸ್ತಾದವ್ರಿಗೆ ಬಿಡಬೇಕು. ಎರಡೂ ಸಮ ಇದ್ರ ಬಲಕ್ಕ ಬಂದಾಂವಗ ಮೊದಲ ದಾರಿ. ಇಷ್ಟು ನೆಪ್ಪಿಟ್ರ ಆತು.”

ಅಂದು ತವರಿಗೆ ಹೋದಾಗ ಈ ವಿದ್ಯೆಯನ್ನು ಊಟಕ್ಕೆ ಕೂತಲ್ಲೇ ಬಿಚ್ಚಿದೆ. ರೊಟ್ಟಿ ಮುರಿದು ನಾಲ್ಕು ದಾರಿ ಮಾಡಿದೆ. ಶೇಂಗಾಚಟ್ನಿಯ ಬಟ್ಟಲು ಒಂದು ಗಾಡಿ, ಉಳ್ಳಾಗಡ್ಡಿಯ ಹೋಳು ಒಂದು ಗಾಡಿ. ಅಪ್ಪ ಉಣ್ಣುವುದು ಬಿಟ್ಟು ನೋಡಿದ.

“ಇದು ಚಟ್ನಿ ತುಂಬಿದ ಬಟ್ಟಲ. ಆ ಉಳ್ಳಾಗಡ್ಡಿ ಒಂದ ಹೋಳು. ಬಲಕ್ಕ ಐತಿ ಅಂತ ಉಳ್ಳಾಗಡ್ಡಿ ಮೊದಲ ಹೊಕ್ಕೈತೇನ?”

“ಹೂನಪ್ಪಾ. ಏನ ತುಂಬೇತಿ ಅನ್ನೂದು ಬರಂಗಿಲ್ಲ ಅದ್ರಾಗ.”

“ಹಂಗಾರ ಕೇಳು. ಬಲಕ್ಕ ಒಬ್ಬಾಂವ ಬೀಡಿ ಸೇದಕೋತ ಖಾಲಿ ಟ್ರ್ಯಾಕ್ಟರ ಹೊಡಕೊಂಡ ಬಂದ. ಎಡಕ್ಕ ಒಬ್ಬಾಕಿ ಹಡಿಯಾಕ ಹೊಂಟಾಳ. ಯಾರಿಗೆ ಬಿಡ್ತಿ?”

“ಅಂಬ್ಯುಲೆನ್ಸಿಗೆ ಎಲ್ಲಾರೂ ಬಿಡಬೇಕಪ್ಪಾ, ಅದು ಬ್ಯಾರೆ.”

“ನಮ್ಮ ಹಳ್ಳ್ಯಾಗ ಎಷ್ಟ ಮಂದಿ ಅಂಬ್ಯುಲೆನ್ಸನ್ಯಾಗ ಹೊಕ್ಕಾರವ್ವಾ? ಸಿಕ್ಕ ಗಾಡಿ ಹತ್ತಿ ಹೊಕ್ಕಾರ. ಮ್ಯಾಲ ದೀಪ ಇರಂಗಿಲ್ಲ, ಸಪ್ಪಳ ಇರಂಗಿಲ್ಲ. ಒಳಗ ನೋಡಬೇಕು, ಒಳಗ. ನಿಮ್ಮ ಮಾಸ್ತರ ಒಳಗ ನೋಡೂದು ಕಲಿಸಿಲ್ಲೇನ?”

“ಎಲ್ಲಾರ ಗಾಡ್ಯಾಗ ಇಣಕಕೋತ ನಿಂತ್ರ ಹಿಂದಿನವ್ರು ಏನ ಮಾಡ್ಬೇಕು?”

“ಹಿಂದಿನವ್ರು ನನ್ನಂಗ ಮುದಕ್ರಾಗಬೇಕು,” ಅಂದಳು ಅವ್ವ ಒಲೆಯ ಕಡೆಯಿಂದ. “ರೊಟ್ಟಿ ಮ್ಯಾಲ ರಸ್ತಾ ಹಾಕಿದ್ದು ಸಾಕು, ಉಣ್ರಿ.”

ಹೀಗೆ ಚೇಷ್ಟೆ ಮಾಡಿದರೂ ಅವ್ವ ಅಪ್ಪನ ಪಕ್ಷವೇ. ಅವಳ ತವರಿನವರೂ ಬಂಡಿ ಹೊಡೆದವರೇ. ಬಿಸಿ ರೊಟ್ಟಿ ತಂದು ನನ್ನ ತಾಟಿಗೆ ಹಾಕುತ್ತ, “ತುಂಬಿದ ಗಾಡಿಗೆ ಅಡ್ಡ ಹೋಗಬಾರದವ್ವಾ, ಕೇಡಾಕ್ಕೈತಿ. ನೀ ಕಲ್ತದ್ದು ಪೇಟ್ಯಾಗ ನಡೀತೈತಿ, ಹೊಲದ ದಾರ್ಯಾಗಲ್ಲ,” ಅಂದಳು.

ಅವ್ವನ ತವರೆಂದರೆ ಅವಳಿಗೊಬ್ಬಳು ಅಕ್ಕ, ನನಗೆ ದೊಡ್ಡವ್ವ. ಮುಂಡರಗಿಯ ಆಚೆಗೆ ಒಂದು ಹಳ್ಳಿಯಲ್ಲಿ ಇದ್ದಳು. ಅವ್ವ ಇನ್ನೂ ಕೂಸಿರುವಾಗಲೇ ಅವಳ ತಾಯಿ ತೀರಿಕೊಂಡದ್ದರಿಂದ ಈ ಅಕ್ಕನೇ ಅವಳಿಗೆ ಉಣಿಸಿ, ಉಡಿಸಿ, ತಲೆ ಹಿಕ್ಕಿ ಹೆರಳು ಹಾಕಿ ಬೆಳೆಸಿದವಳು. ಲಗ್ನವಾಯಿತು, ಮಕ್ಕಳಾದರು, ಮೊಮ್ಮಕ್ಕಳೂ ಆದರು, ಆದರೆ ತಲೆ ಹಿಕ್ಕುವುದು ನಿಲ್ಲಲಿಲ್ಲ. ಅಕ್ಕನ ಊರಿಗೆ ಹೊರಟ ದಿನ ಅವ್ವ ತಲೆ ಹಿಕ್ಕಿಕೊಳ್ಳುತ್ತಲೇ ಇರಲಿಲ್ಲ. ಕೂದಲನ್ನು ಒಂದು ಗಂಟು ಸುತ್ತಿ, ಹಣಿಗೆಯನ್ನು ಕೈಚೀಲದಲ್ಲಿ ಹಾಕಿಕೊಂಡು ವ್ಯಾನು ಹತ್ತುತ್ತಿದ್ದಳು. ಅಲ್ಲಿ ಹೋದ ಕೂಡಲೇ ದೊಡ್ಡವ್ವ ಹೊಸ್ತಿಲ ಒಳಗೆ ಗೋಡೆಗೆ ಆತು ಕೂತು, “ಬಾ, ಮುಂದ ಕುಂಡ್ರು” ಅನ್ನುತ್ತಿದ್ದಳು. ಎರಡು ಬಿಳಿತಲೆಗಳು ಒಂದರ ಹಿಂದೆ ಒಂದು. ನಡುವೆ ಊರಿನ ಸುದ್ದಿಯೆಲ್ಲ ಬರುತ್ತಿತ್ತು. ಮಾತು ಮುಗಿಯದಿದ್ದರೆ ದೊಡ್ಡವ್ವ ಹಾಕಿದ ಹೆರಳನ್ನು ಬಿಚ್ಚಿ ಮತ್ತೆ ಹಾಕುತ್ತಿದ್ದಳು.

“ಇಬ್ರ ತಲಿ ಕೂಡಿಸಿದ್ರೂ ಒಂದ ಕುಚ್ಚಿನಷ್ಟು ಕೂದಲಿಲ್ಲ, ಹಿಕ್ಕತಾರ ನೋಡು ಮಧ್ಯಾಹ್ನತನಕ,” ಎಂದು ಅಪ್ಪ ಹೊರಗಿನ ಕಟ್ಟೆಯ ಮೇಲೆ ಕೂತು ನಗುತ್ತಿದ್ದ.

ಆ ವರ್ಷ ಚಳಿಗಾಲಕ್ಕೆ ದೊಡ್ಡವ್ವ ಹಾಸಿಗೆ ಹಿಡಿದಳು. ಒಂದು ಮುಂಜಾನೆ ನಾನು ತವರಲ್ಲೇ ಇದ್ದಾಗ ಅವಳ ಸೊಸೆಯ ಫೋನು ಬಂತು. ಅವ್ವನಿಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ನಾನೇ ಎತ್ತಿದೆ.

“ಡಾಕ್ಟರು ಮನಿಗೆ ಕರಕೊಂಡ ಹೋಗ್ರಿ ಅಂದಬಿಟ್ರು. ಬೆಳಗಿನಿಂದ ಒಂದ ಸವನ ತಂಗಿ ಎಲ್ಲಿ, ತಂಗಿ ಎಲ್ಲಿ ಅನ್ನಾಕತ್ತಾರ. ಸಣ್ಣತ್ತೀನ ಜಲ್ದಿ ಕರಕೊಂಡ ಬರ್ರಿ. ಭಾಳ ಹೊತ್ತಿಲ್ಲ ಅನಸ್ತೈತಿ.”

ಹೇಳುವ ಮೊದಲೇ ನನ್ನ ಮುಖ ನೋಡಿ ಅವ್ವ ಎದ್ದಿದ್ದಳು. ಒಲೆಯ ಮೇಲಿನ ಬೇಳೆಯನ್ನು ಇಳಿಸಿ, ಕೂದಲನ್ನು ಗಂಟು ಸುತ್ತಿ, ಹಣಿಗೆಯನ್ನು ಕೈಚೀಲಕ್ಕೆ ಹಾಕಿಕೊಂಡು ವ್ಯಾನಿನ ಮುಂದಿನ ಸೀಟಿನಲ್ಲಿ ಕೂತಳು. ಹಣಿಗೆ ಹಾಕಿಕೊಂಡದ್ದನ್ನು ನಾನು ನೋಡಿದೆ. ಅಕ್ಕನ ಕೈಯಲ್ಲಿ ಅದನ್ನು ಹಿಡಿಯುವಷ್ಟಾದರೂ ಶಕ್ತಿ ಇದ್ದೀತು ಎಂಬ ಆಸೆ ಅವಳಿಗೆ.

ಅಪ್ಪ ನಿಧಾನ ಮಾಡಲಿಲ್ಲ. ಮುಂಡರಗಿಯ ರಸ್ತೆಯಲ್ಲಿ ಅವನು ಅಷ್ಟು ಜೋರಾಗಿ ಓಡಿಸಿದ್ದನ್ನು ನಾನು ಮೊದಲು ಕಂಡಿರಲಿಲ್ಲ. ಚಹಾಕ್ಕೂ ನಿಲ್ಲಲಿಲ್ಲ. ದೊಡ್ಡ ರಸ್ತೆ ಬಿಟ್ಟು ಹಳ್ಳಿಯ ಡಾಂಬರು ದಾರಿಗೆ ಹೊರಳಿದ ಮೇಲೆ ಅವ್ವ ಒಂದೇ ಮಾತು ಅಂದಳು: “ಇನ್ನೇನ ಬಂತು.”

ಅಲ್ಲಿಂದ ಸ್ವಲ್ಪ ಮುಂದೆ ನಾಲ್ಕು ದಾರಿ ಕೂಡುತ್ತವೆ. ದೀಪವಿಲ್ಲ, ಫಲಕವಿಲ್ಲ, ಒಂದು ಜಾಲಿಗಿಡ ಇದೆ. ಎಡಗಡೆಯ ಹೊಲದ ದಾರಿಯಿಂದ ಕಬ್ಬಿನ ಟ್ರ್ಯಾಕ್ಟರು ಬರುತ್ತಿತ್ತು. ಹಿಂದೆ ಎರಡು ಟ್ರೇಲರು, ಆಕಾಶ ಮುಚ್ಚುವಷ್ಟು ಕಬ್ಬು. ಅದು ಕೂಡುದಾರಿಗೆ ಇನ್ನೂ ಮುಟ್ಟಿರಲಿಲ್ಲ, ನಾವು ಮುಟ್ಟಿದ್ದೆವು. ಅಪ್ಪನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು.

“ತುಂಬೇತಿ,” ಅಂದ.

“ಅಪ್ಪಾ, ಹೊಲದ ದಾರಿಕಿಂತ ನಮ್ದ ದೊಡ್ಡ ರಸ್ತಾ. ಅಂವ ಎಡಕ್ಕದಾನ. ನಮ್ದ ದಾರಿ ಇದು, ನಡಿ,” ಎಂದೆ ನಾನು.

“ಒಂದ ಗಾಡಿ, ಹೋಗ್ಲಿ ಬಿಡವ್ವಾ. ಅಷ್ಟ ಭಾರ ಜಗ್ಗಿಕೊಂಡ ಬಂದಾನ, ಹೆಂಗ ನಿಂದ್ರಸ್ತಾನ? ನಮ್ದೇನು, ಖಾಲಿ…”

ಮಾತು ಅರ್ಧಕ್ಕೇ ನಿಂತಿತು. ಕೈ ಮಾತ್ರ ಕಿಟಕಿಯಿಂದ ಹೊರಗೆ ಹೋಗಿಬಿಟ್ಟಿತ್ತು. “ಬರ್ರಿ, ಬರ್ರಿ.”

ಅವ್ವ ಏನೂ ಅನ್ನಲಿಲ್ಲ. ಕೈಚೀಲವನ್ನು ಎದೆಗೆ ಒತ್ತಿ ಹಿಡಿದು ಎದುರಿಗೆ ನೋಡುತ್ತಿದ್ದಳು.

ಬಂದದ್ದು ಒಂದು ಗಾಡಿಯಲ್ಲ. ಒಬ್ಬನಿಗೆ ದಾರಿ ಸಿಕ್ಕಿತೆಂದು ಅವನ ಬೆನ್ನಿಗೆ ಇನ್ನೊಬ್ಬ, ಅವನ ಬೆನ್ನಿಗೆ ಮತ್ತೊಬ್ಬ. ಎಲ್ಲ ಒಂದೇ ಹೊಲದಿಂದ ಕಾರ್ಖಾನೆಗೆ ಹೊರಟವು. ಕೊನೆಯದರ ಹಿಂದಿನ ಟ್ರೇಲರಿನ ಗಾಲಿ ತಗ್ಗಿಗೆ ಇಳಿದು, ಮೇಲಿನ ಕಬ್ಬು ಜಾರಿ ದಾರಿಗೆ ಅಡ್ಡ ಬಿತ್ತು. ಅಪ್ಪ ಇಳಿದು ಓಡಿದ. ನಾನೂ ಇಳಿದೆ. ಎತ್ತಿ ಹಾಕದೆ ಯಾರೂ ಹೋಗುವ ಹಾಗಿರಲಿಲ್ಲ. ಅಪ್ಪ ಎರಡೂ ತೋಳಿನಲ್ಲಿ ಕಬ್ಬು ತಬ್ಬಿ ತಬ್ಬಿ ಬದಿಗೆ ಎಸೆದ. ಅವನ ಅಂಗಿ ಎಲೆಯ ಅಲಗಿಗೆ ಹರಿಯಿತು. ನಾನು ತಿರುಗಿ ನೋಡಿದಾಗೆಲ್ಲ ಅವ್ವ ಹಾಗೇ ಎದುರಿಗೆ ನೋಡುತ್ತ ಕೂತಿದ್ದಳು.

“ಉಪಕಾರ ಆತ್ರಿ ಕಾಕಾ,” ಎಂದು ಟ್ರ್ಯಾಕ್ಟರಿನ ಹುಡುಗ ಎರಡು ಕಬ್ಬನ್ನು ವ್ಯಾನಿನ ಕಿಟಕಿಯಿಂದ ಒಳಗೆ ಚಾಚಿ ಹಾಕಿದ. “ಕಾಕೂಗ ಕೊಡ್ರಿ, ಭಾಳ ಸೀ ಅದಾವು.”

ದೊಡ್ಡವ್ವನ ಓಣಿ ಹೊರಳಿದಾಗಲೇ ಅಳುವ ಸದ್ದು ಕೇಳಿತು. ವ್ಯಾನು ಪೂರಾ ನಿಲ್ಲುವ ಮೊದಲೇ ಅವ್ವ ಇಳಿದಳು. ಸೊಸೆ ಬಾಗಿಲಿಗೆ ಓಡಿಬಂದು ಅವಳ ಹೆಗಲಿಗೆ ಬಿದ್ದಳು.

“ಈಗ ಬಂದ್ರ್ಯಾ ಸಣ್ಣತ್ತೀ! ಬಾಗಲಾ ನೋಡಕೋತನ ಇದ್ರು. ಗಾಡಿ ಸಪ್ಪಳಾದ್ರ ಸಾಕು, ಬಂದ್ಲು ನೋಡ್ರಿ ಅಂತಿದ್ರು. ನೀವು ಬಂದಮ್ಯಾಲ ಕೊಟ್ರಾತಂತ ಚಾಕ್ಕ ನೀರಿಟ್ಟೆ, ಹೊರಗ ಬರೂದ್ರಾಗ ಕಣ್ಣ ಮುಚ್ಚಿದ್ರು. ನೀರ ಇನ್ನೂ ಕುದ್ದಿಲ್ರಿ.”

ಅವ್ವ ಒಳಗೆ ಹೋದಳು. ಅಪ್ಪ ಕಟ್ಟೆಯ ಹತ್ತಿರ ನಿಂತವನು ಅಲ್ಲೇ ನಿಂತ. ಚಹಾದ ನೀರಿನ ಮಾತು ಅವನ ಕಿವಿಗೂ ಬಿದ್ದಿತ್ತು. ಹರಿದ ತೋಳಿನ ಮೇಲೆ ಅಂಟಿದ ಕಬ್ಬಿನ ಎಲೆಯ ಚೂರನ್ನು ತೆಗೆಯುತ್ತ ತೆಗೆಯುತ್ತ, ತೆಗೆದಾದ ಮೇಲೂ ಅದೇ ಜಾಗವನ್ನು ತಿಕ್ಕುತ್ತಿದ್ದ.

ಒಳಗೆ ಅವ್ವ ಅಕ್ಕನ ತಲೆದೆಸೆಗೆ ಕೂತು ಕೈಚೀಲದಿಂದ ಹಣಿಗೆ ತೆಗೆದಳು. ಅಕ್ಕನ ತಲೆಯನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡು ಹಿಕ್ಕಿದಳು. ಅಳುವವರು ಅಳುತ್ತಿದ್ದರು. ಅವಳು ಅಳಲಿಲ್ಲ. ಸಿಕ್ಕು ಬಂದಲ್ಲಿ ಬುಡದ ಕೂದಲನ್ನು ಬೆರಳಿನಿಂದ ಒತ್ತಿ ಹಿಡಿದು, ನೋವಾಗದ ಹಾಗೆ ಬಿಡಿಸಿದಳು. ಹೆರಳು ಹಾಕಿದಳು. ನೋಡಿದಳು. ಬಿಚ್ಚಿ ಮತ್ತೆ ಹಾಕಿದಳು.

ದಾರಿಯಲ್ಲಿ ನಿಂತದ್ದನ್ನು ಆ ಮನೆಯಲ್ಲಿ ನಾವು ಯಾರೂ ಹೇಳಲಿಲ್ಲ.

ಆಮೇಲೆ ನಮ್ಮ ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತೋ ಏನೋ. ಅವ್ವ ಮೊದಲಿನ ಹಾಗೇ ಅಪ್ಪನಿಗೆ ರೊಟ್ಟಿ ಬಡಿದು ಹಾಕಿದಳು, ಬಿಸಿನೀರು ಕಾಸಿ ಕೊಟ್ಟಳು. ಕುಚ್ಚು ಕಟ್ಟಿದಳು. ವ್ಯಾನಿನಲ್ಲಿ ಮಾತ್ರ ಕೂಡಲಿಲ್ಲ.

“ಶಿರಹಟ್ಟಿಗೆ ಹೊಂಟೀನಿ. ಬರ್ತೀಯೇನು?” ಎಂದು ಅಪ್ಪ ಮುಂಜಾನೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದ.

“ನೀವು ಮುಂದ ನಡೀರಿ. ನಾ ಬಸ್ಸಿಗೆ ಬರ್ತೀನಿ.”

ಅದೇ ಊರು, ಅದೇ ಅಂಗಡಿ. ಅಪ್ಪ ಸೀರೆಗಳ ಜೊತೆ ವ್ಯಾನಿನಲ್ಲಿ, ಅವ್ವ ಕೆಂಪು ಬಸ್ಸಿನಲ್ಲಿ. ಓಣಿಯ ಮಂದಿ ಸುಮ್ಮನಿರುತ್ತಾರೆಯೇ? ಎದುರುಮನೆಯ ನೇಕಾರ ಒಂದು ದಿನ ಕಟ್ಟೆಯ ಮೇಲಿಂದ ಕೂಗಿದ: “ಏನ ಕಾಕಾ, ವ್ಯಾನಿಗೂ ಟಿಕೀಟ ಹಚ್ಚೀರೇನ? ಕಾಕು ಬಸ್ಸ ಹತ್ತಾಕತ್ತಾರಲ್ಲ!” ಅಪ್ಪ ನಕ್ಕಂತೆ ಮಾಡಿ ವ್ಯಾನಿನ ಬಾಗಿಲು ಹಾಕಿಕೊಂಡ. ಹಿಂದಿನ ದಿನಗಳಲ್ಲಾಗಿದ್ದರೆ ಇದಕ್ಕೆ ಉತ್ತರ ಅವ್ವನಿಂದ ಬರುತ್ತಿತ್ತು.

ಅವನು ದಿನಾ ಮುಂದಿನ ಸೀಟನ್ನು ಒರೆಸುತ್ತಿದ್ದ. ಗಂಟುಗಳು ಎಷ್ಟೇ ಹೆಚ್ಚಾಗಿರಲಿ, ಆ ಸೀಟಿನ ಮೇಲೆ ಒಂದು ಸೀರೆಯನ್ನೂ ಇಡುತ್ತಿರಲಿಲ್ಲ. ಆ ಎರಡು ಕಬ್ಬು ಸೀಟಿನ ಹಿಂದೆ ಬಿದ್ದಲ್ಲೇ ಬಿದ್ದು ಒಣಗಿದವು. ತಿನ್ನಲೂ ಇಲ್ಲ, ಒಗೆಯಲೂ ಇಲ್ಲ.

ಒಂದು ಸಂಜೆ ಅವ್ವನ ಎದುರಿಗೆ ಕೂತು ದಾರ ಸುತ್ತಿಕೊಡುತ್ತ ನಾನೇ ಕೇಳಿದೆ. “ಅವ್ವಾ, ಅಪ್ಪನ ಮ್ಯಾಲ ಸಿಟ್ಟೇನು?”

ಅವಳು ಕುಚ್ಚಿನ ಗಂಟು ಬಿಗಿದು, ಹಲ್ಲಿನಿಂದ ದಾರ ಕಡಿದಳು.

“ಸಿಟ್ಟು ಯಾಕವ್ವಾ. ನಿಮ್ಮಪ್ಪ ಹುಟ್ಟಿದಾಗಿಂದ ಮಾಡಿದ್ದ ಮಾಡ್ಯಾನ. ನಾನೂ ಹಂಗ ನಂಬಿದಾಕಿ. ತುಂಬಿದ ಗಾಡಿಗೆ ಅಡ್ಡ ಹೋದ್ರ ಅಕ್ಕಗ ಇನ್ನೇನಾರ ಆದೀತು ಅಂತ ನನಗ ಅವತ್ತ ಅಂಜಿಕಿ ಬಂತು.” ಇನ್ನೊಂದು ಎಳೆ ಕೈಗೆತ್ತಿಕೊಂಡು ಅಂದಳು: “ದಿನಾ ಅಂತಿದ್ದೆ ನೋಡು, ನಾ ಕುಂತೀನಲ್ರಿ, ನಾ ಖಾಲಿ ಏನು ಅಂತ. ಚಾಷ್ಟಿ ಮಾಡಾಕ ಬಾಯಿ ಬರ್ತಿತ್ತು. ಅವತ್ತೊಂದಿನ ಅನ್ನಬೇಕಾಗಿತ್ತು, ಅನ್ನಲಿಲ್ಲ. ಆ ಸೀಟಿನ್ಯಾಗ ಕುಂತ್ರ ಅದ ಮಾತು ಬಾಯಿಗೆ ಬಂದ ನಿಂದರತೈತಿ.”

ಇದನ್ನು ನಾನು ಅಪ್ಪನಿಗೆ ಹೇಳಲಿಲ್ಲ. ಅವ್ವ ಹೇಳಬೇಡ ಅಂದಿದ್ದಳು.

ಮುಂದೆ ಕೆಲವು ದಿನಕ್ಕೆ ಅಪ್ಪ ನನ್ನನ್ನು ವ್ಯಾನಿನಲ್ಲಿ ಮನೆಗೆ ಬಿಡಲು ಬಂದ. ಗದಗಿನ ಒಳಓಣಿಗಳಲ್ಲಿ ಸುತ್ತಿಸಿಕೊಂಡು ಹೊರಟ. ಯಾಕೆಂದು ತಿಳಿಯಲಿಲ್ಲ.

“ನಿಮ್ಮ ಮಾಸ್ತರ ಏನಂದಿದ್ದ ಅವತ್ತು? ಬಲಕ್ಕೋ, ಎಡಕ್ಕೋ?”

ಮೊದಲು ನನಗೆ ಯಾವ ಮಾತೆಂದು ಹೊಳೆಯಲಿಲ್ಲ. ಹೊಳೆದ ಮೇಲೆ ಹೇಳುವುದು ಕಷ್ಟವಾಯಿತು.

“ಬಲಕ್ಕ ಬಂದವರಿಗೆ ಬಿಡಬೇಕಪ್ಪಾ. ಸಣ್ಣ ದಾರಿಯವ್ರು ದೊಡ್ಡ ದಾರಿಯವ್ರಿಗೆ ಬಿಡಬೇಕು.”

“ತುಂಬಿದ್ದು ಖಾಲಿ ಏನೂ ಇಲ್ಲ?”

“ಇಲ್ಲಪ್ಪಾ.”

“ಹಂಗಾರ ಆತು.”

ಪ್ರತಿ ಕೂಡುದಾರಿಗೂ ಅವನು “ಬಲಕ್ಕ, ಬಲಕ್ಕ” ಎಂದು ಶಾಲೆಯ ಹುಡುಗ ಮಗ್ಗಿ ಹೇಳಿದಂತೆ ಹೇಳಿಕೊಂಡು ಕುತ್ತಿಗೆ ಹೊರಳಿಸಿ ನೋಡಿದ. ಒಂದೆಡೆ ಎಡಗಡೆಯ ಓಣಿಯಿಂದ ಒಬ್ಬ ಕೈಗಾಡಿಯ ತುಂಬ ಉಳ್ಳಾಗಡ್ಡಿ ಹೇರಿಕೊಂಡು, ಏರಿನಲ್ಲಿ ಎದೆಯೂರಿ ತಳ್ಳುತ್ತ ಬಂದ. ಅಪ್ಪ ಅವನನ್ನು ಕಂಡ. ಬಲಕ್ಕೆ ನೋಡಿದ, ಯಾರೂ ಇರಲಿಲ್ಲ. ದಾಟಿಬಿಟ್ಟ. ಹಿಂದಿನಿಂದ ಕೂಗು ಬಂತು: “ಏ ಯಜಮಾನಾ, ಕಣ್ಣಿಲ್ಲೇನ? ತುಂಬಿದ ಗಾಡಿ ಕಾಣಂಗಿಲ್ಲೇನ?”

“ಕಾಯ್ದೆ ಪ್ರಕಾರ ನಮ್ದ ಇತ್ತಲ್ಲ?” ಎಂದು ಕೇಳಿದ ಅಪ್ಪ.

“ಹೂನಪ್ಪಾ, ನಮ್ದ.”

ಸ್ವಲ್ಪ ಮುಂದೆ ಹೋಗಿ ವ್ಯಾನು ನಿಲ್ಲಿಸಿದ. ಇಳಿದು ಹಿಂದಕ್ಕೆ ನಡೆದು ಹೋಗಿ, ಆ ಉಳ್ಳಾಗಡ್ಡಿಯ ಗಾಡಿಗೆ ಹಿಂದಿನಿಂದ ಕೈ ಹಚ್ಚಿ ಏರು ಮುಗಿಯುವವರೆಗೆ ತಳ್ಳಿದ. ಬೈದವನು ಮೊದಲು ಗಾಬರಿಯಾದ, ಆಮೇಲೆ ಸುಮ್ಮನಾದ. ಅಪ್ಪ ಮರಳಿ ಬಂದು ಕೂತ. ಅವನ ಉಸಿರು ಆರುವವರೆಗೆ ನಾವಿಬ್ಬರೂ ಅಲ್ಲೇ ಇದ್ದೆವು.

ದೊಡ್ಡವ್ವನ ವರ್ಷದ ದಿನ ಬಂತು. ಆ ಹಳ್ಳಿಗೆ ಬಸ್ಸು ಮುಟ್ಟುವುದು ಮಧ್ಯಾಹ್ನಕ್ಕೆ, ಪೂಜೆ ಇರುವುದು ಮುಂಜಾನೆ. ಅಪ್ಪ ಕೇಳಲಿಲ್ಲ. ಕೇಳಿ ಬೇಡ ಅನ್ನಿಸಿಕೊಳ್ಳುವ ಧೈರ್ಯ ಅವನಲ್ಲಿ ಉಳಿದಿರಲಿಲ್ಲ. ವ್ಯಾನನ್ನು ಬಾಗಿಲ ಮುಂದೆ ತಂದು ನಿಲ್ಲಿಸಿ, ಬೇರೆ ಏನೋ ಕೆಲಸವಿದ್ದವನಂತೆ ಗಾಜು ಒರೆಸುತ್ತ ನಿಂತ.

ಅವ್ವ ಹೊರಗೆ ಬಂದಳು. ಕೈಯಲ್ಲಿ ಕಾಯಿ, ಬಾಳೆಹಣ್ಣು, ಎಡೆಗೆ ಮಾಡಿದ ಹೋಳಿಗೆಯ ಡಬ್ಬಿ. ಕೂದಲು ಬರೇ ಗಂಟು ಸುತ್ತಿತ್ತು. ವ್ಯಾನಿನ ಬಾಗಿಲು ತೆಗೆದು ಒಳಗೆ ಬಗ್ಗಿ ನೋಡಿದಳು.

“ಇವನ್ನ ಇನ್ನೂ ಇಟಗೊಂಡೀರಿ?”

ಸೀಟಿನ ಹಿಂದಿನ ಒಣಗಿದ ಕಬ್ಬುಗಳನ್ನು ಎಳೆದು ತೆಗೆದು ಗೋಡೆಗೆ ಆನಿಸಿಟ್ಟಳು. ಕೈ ಕೊಡವಿಕೊಂಡು ಮುಂದಿನ ಸೀಟಿನಲ್ಲಿ ಕೂತಳು. ಅಪ್ಪ ಅವಳ ಕಡೆಯ ಬಾಗಿಲನ್ನು ಹಾಕಿ, ಹಾಕಿತೋ ಇಲ್ಲವೋ ಎಂದು ಮತ್ತೊಮ್ಮೆ ಒತ್ತಿ ನೋಡಿದ. ನಾನು ಹಿಂದೆ ಕೂತೆ. ಜಾಲಿಗಿಡದ ಹತ್ತಿರ ಬಂದೆವು.

ಮತ್ತೆ ಅದೇ ಕಬ್ಬು ಕಡಿಯುವ ಕಾಲ. ಎಡಗಡೆಯ ದಾರಿಯಿಂದ ಟ್ರ್ಯಾಕ್ಟರು ಬರುತ್ತಿತ್ತು, ಅದೇ ಎರಡು ಟ್ರೇಲರು, ಅಷ್ಟೇ ಕಬ್ಬು. ಅಪ್ಪ ವೇಗ ಇಳಿಸಿದ. ಬಲಕ್ಕೆ ನೋಡಿದ. ಬಲಕ್ಕೆ ಯಾರೂ ಇಲ್ಲ. ಎಡಕ್ಕೆ ನೋಡಿದ. ಅವನ ಕೈ ಕಿಟಕಿಯಿಂದ ಹೊರಗೆ ಹೋಯಿತು. ಆದರೆ ಕೈ ಕರೆಯಲಿಲ್ಲ. ಅಂಗೈ ಅಗಲಿಸಿ ನೆಟ್ಟಗೆ ನಿಂತಿತು.

“ತಡಿಯೋ ತಮ್ಮಾ,” ಎಂದು ಕೂಗಿದ ಅಪ್ಪ. “ನಮ್ದೂ ತುಂಬಿದ ಗಾಡಿ ಐತಿ.”

ಟ್ರ್ಯಾಕ್ಟರಿನವನು ಬಗ್ಗಿ ನಮ್ಮ ವ್ಯಾನಿನೊಳಗೆ ನೋಡಿದ. ಅವನಿಗೆ ಕಂಡದ್ದು ಮಡಿಲಲ್ಲಿ ಡಬ್ಬಿ ಇಟ್ಟುಕೊಂಡು ಕೂತ ಒಬ್ಬ ಮುದುಕಿ. “ಅದಕ್ಕೇನ್ರಿ ಕಾಕಾ, ಹೋಗ್ರಿ,” ಎಂದು ನಕ್ಕು ಬ್ರೇಕು ಹಾಕಿದ. ಟ್ರ್ಯಾಕ್ಟರು ನಿಂತಿತು. ನಾವು ದಾಟಿದೆವು.

ಅವ್ವ ಪೂರಾ ಹೊರಳಿ ಕೂತು ಹಿಂದಕ್ಕೆ ನೋಡಿದಳು. ನಾನೂ ನೋಡಿದೆ. ನಾವು ದಾಟಿದ ಕೂಡಲೇ ಟ್ರ್ಯಾಕ್ಟರು ಒಮ್ಮೆ ಹೊಗೆ ಬಿಟ್ಟು, ಎರಡೂ ಟ್ರೇಲರನ್ನು ಎಳೆದುಕೊಂಡು, ಏನೂ ಆಗಿಲ್ಲವೆಂಬ ಹಾಗೆ ಹೊರಟುಹೋಯಿತು.

“ನಿಂತಿತ್ತಲ್ರಿ ಅದು,” ಅಂದಳು ಅವ್ವ.

“ಹೂಂ.”

“ನಿಂತು ಮತ್ತ ಹೊಂಟಬಿಡ್ತು.”

ಅಪ್ಪ ಕನ್ನಡಿಯಲ್ಲಿ ಹಿಂದಕ್ಕೆ ನೋಡಿದ.

“ಏನೂ ಆಗಲಿಲ್ಲಲ್ರಿ ಅದಕ್ಕ. ಇಷ್ಟ ಏನ್ರಿ?”

ಆಗ ಅವಳಿಗೆ ಅಳು ಬಂತು. ಅಕ್ಕನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಾಗ ಬಾರದ್ದು, ಒಂದು ವರ್ಷ ಬಸ್ಸಿನ ಕಿಟಕಿಯಲ್ಲಿ ಬಾರದ್ದು. ಡಬ್ಬಿಯ ಮೇಲೆ ಬಾಗಿ, ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯಲಾಗದೆ ಅತ್ತಳು. ಅಪ್ಪನ ಕಣ್ಣಿಗೂ ದಾರಿ ಕಾಣದಾಯಿತೋ ಏನೋ, ವ್ಯಾನನ್ನು ಅಂಚಿಗೆ ಹೊರಳಿಸಲು ಹೋದ. ಅವ್ವ ತಲೆ ಎತ್ತದೆಯೇ ಅವನ ತೋಳು ಹಿಡಿದಳು.

“ನಿಂದ್ರಸಬ್ಯಾಡ್ರಿ. ನಡೀರಿ.”

ಅಪ್ಪ ನಿಲ್ಲಿಸಲಿಲ್ಲ. ಅವಳು ತೋಳು ಬಿಡಲಿಲ್ಲ. ಒಂದು ಕೈಯಲ್ಲೇ ಗಾಡಿ ಹೊರಳಿಸಿಕೊಂಡು ದೊಡ್ಡವ್ವನ ಓಣಿಗೆ ಬಂದ. ನಮ್ಮ ವ್ಯಾನಿನ ಸಪ್ಪಳ ಕೇಳಿ ಎದುರುಮನೆಯ ನಾಯಿ ಎದ್ದು ಬೊಗಳಿತು. ದೊಡ್ಡವ್ವನ ಮನೆಯ ಬಾಗಿಲು ತೆರೆದೇ ಇತ್ತು. ಹೊಸ್ತಿಲ ಒಳಗೆ, ಗೋಡೆಗೆ ಆತು ಕೂಡುವ ಜಾಗದಲ್ಲಿ, ಯಾರೂ ಇರಲಿಲ್ಲ.